ಗುದ್ದಲಿ ಹಿಡಿದವರೇ ಊರಿನ ಯೋಜನೆ ಬರೆಯಲಿ

ವಿಜಯಪುರದ ಎರಿ ಸೀಮೆಯಲ್ಲಿ ನೀರು, ಕೂಲಿ ಮತ್ತು ಗ್ರಾಮಸಭೆ

ಗಾಂಧಿ ಜಯಂತಿಯ ದಿನ ಹಳ್ಳಿಹಳ್ಳಿಯಲ್ಲೂ ಗ್ರಾಮಸಭೆ ಸೇರಬೇಕೆಂಬುದು ನಮ್ಮಲ್ಲಿ ನಡೆದುಬಂದ ರೂಢಿ. 2018ರಿಂದ ಅದೇ ಅಕ್ಟೋಬರ್ 2ಕ್ಕೆ ದೇಶದಾದ್ಯಂತ ಜನರ ಯೋಜನೆಯ ಅಭಿಯಾನವೂ ಶುರುವಾಗುತ್ತಿದೆ. ಬರುವ ವರ್ಷ ಊರಿಗೆ ಏನು ಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಊರಿನವರೇ ಕೂತು ತೀರ್ಮಾನಿಸಬೇಕು. ಉದ್ದೇಶ ದೊಡ್ಡದು. ಆದರೆ ಸಿಂದಗಿ ತಾಲ್ಲೂಕಿನ ಯಂಕಂಚಿಯಲ್ಲಾಗಲಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವುದೇ ಎರಿ ಊರಿನಲ್ಲಾಗಲಿ ಆ ಹೊತ್ತಿಗೆ ಜನ ಎಲ್ಲಿರುತ್ತಾರೆ? ಉತ್ತರಿ ಮಳೆ ಮುಗಿದು ಹಸ್ತ ಹಿಡಿದಿರುತ್ತದೆ. ಹಿಂಗಾರಿ ಬಿತ್ತಿಗೆಯ ಹದ ಬಂದಿರುತ್ತದೆ. ಆ ಹದ ಯಾರಿಗಾಗಿಯೂ ಕಾಯುವುದಿಲ್ಲ. ನೆಲ ಆರಿದರೆ ಆ ವರ್ಷದ ಜೋಳ ಹೋದಂತೆಯೇ. ಹೊಲ ಇದ್ದವರು ಕೂರಿಗೆಯ ಹಿಂದೆ, ಹೊಲ ಇಲ್ಲದವರು ಅವರ ಹೊಲದ ಕೂಲಿಯಲ್ಲಿ. ಪಂಚಾಯಿತಿ ಕಟ್ಟೆಯ ಮೇಲೆ ಯೋಜನೆ ಬರೆಯಲು ಉಳಿಯುವವರು ಯಾರೆಂದು ಬೇರೆ ಹೇಳಬೇಕಿಲ್ಲ.

ಈ ಒಂದು ತಾರೀಖಿನ ತೊಡಕನ್ನು ಮೊದಲಿಗೇ ಎತ್ತಿದ್ದಕ್ಕೆ ಕಾರಣವಿದೆ. ಸುಸ್ಥಿರ ಅಭಿವೃದ್ಧಿ, ನಾಯಕತ್ವ, ಜನರ ಪಾಲ್ಗೊಳ್ಳುವಿಕೆ ಎಂಬ ಮಾತುಗಳ ಮೇಲೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ಬೇಕಾದಷ್ಟು ಸಂಶೋಧನೆ ನಡೆದಿದೆ. ಅದರಲ್ಲಿ ಒಳ್ಳೆಯ ಪಾಲು ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ನಡೆದಿದೆ. ಇದೇ ಕೆಲಸಕ್ಕೆಂದು ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಇದೆ. ಆ ಅಧ್ಯಯನಗಳು ಹೇಳುವುದನ್ನು ಈ ನಾಲ್ಕು ತಾಲ್ಲೂಕುಗಳ ನೆಲದ ಮೇಲೆ ಇಟ್ಟು ನೋಡಿದಾಗ ನನಗೆ ಒಂದು ಸಂಗತಿ ಖಚಿತವಾಗಿದೆ. ಊರಿನ ಯೋಜನೆ ಬರೆಯುವ ತಿಳಿವಳಿಕೆ ಊರಿನಲ್ಲೇ ಇದೆ, ಅದೂ ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿದೆ. ಕ್ರಿಯಾ ಯೋಜನೆಯ ಹಾಳೆ ಮಾತ್ರ ಅಲ್ಲಿ ದುಡಿಯುವವರ ಕೈಗೆ ಹೋಗಿಲ್ಲ.

ನೆಲದ ಲೆಕ್ಕ

ಈ ಭಾಗದ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಸರಾಸರಿಯನ್ನು ಮಾತ್ರ ನಂಬುವಂತಿಲ್ಲ. ಒಂದು ವರ್ಷ ಅದರಲ್ಲಿ ಅರ್ಧ, ಇನ್ನೊಂದು ವರ್ಷ ಒಂದೇ ವಾರದಲ್ಲಿ ಹೊಲ ಕೊಚ್ಚಿಹೋಗುವಷ್ಟು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 39 ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳು. ಸಿಂದಗಿ, ಇಂಡಿ, ಮುದ್ದೇಬಿಹಾಳ ಆ ಕಟ್ಟಕಡೆಯ ಪಟ್ಟಿಯಲ್ಲಿದ್ದವು. ಇಲ್ಲಿನ ಹಿಂದುಳಿದಿರುವಿಕೆಗೂ ನೀರಿಗೂ ಇರುವ ನಂಟನ್ನು ಬಿಡಿಸಿ ಹೇಳುವುದು ಬೇಡ. ಜೋಳದ ರಾಶಿ ಆದಮೇಲೆ ಗೋವಾ, ಪುಣೆ, ಮುಂಬಯಿ, ಮಂಗಳೂರಿನ ಕಡೆ ಹೋಗುವ ಬಸ್ಸುಗಳಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತ ಕುಟುಂಬಗಳನ್ನು ಕಂಡವರಿಗೆ ಅದು ಗೊತ್ತು.

ಆದರೆ ಈ ನೆಲಕ್ಕೆ ದಾರಿ ಹುಡುಕಿದ ಇತಿಹಾಸವೂ ಹಳೆಯದು. ಒಣಬೇಸಾಯದ ಸಂಶೋಧನೆಗೆಂದು 1930ರ ದಶಕದಲ್ಲಿ ದೇಶದಲ್ಲಿ ಆರಿಸಿಕೊಂಡ ಕೆಲವೇ ಜಾಗಗಳಲ್ಲಿ ಬಿಜಾಪುರವೂ (ಇಂದಿನ ವಿಜಯಪುರ) ಒಂದು. ಸೊಲ್ಲಾಪುರ, ರಾಯಚೂರು, ಬಳ್ಳಾರಿ ಕಡೆಯ ಹಗರಿ, ಉತ್ತರದ ರೋಹತಕ್ ಉಳಿದವು. ಆ ಕೆಲಸ ಇಂದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಂದುವರಿದಿದೆ. ಅಲ್ಲಿನ ವಿಜ್ಞಾನಿಗಳು ದಶಕಗಳಿಂದ ಹೇಳುತ್ತ ಬಂದ ಮಾತು ಸರಳವಾದದ್ದು: ಮಳೆ ಎಲ್ಲಿ ಬಿತ್ತೋ ಅಲ್ಲೇ ಇಂಗಲಿ. ಎರಿ ಮಣ್ಣು ಮೊದಲ ಮಳೆಗೆ ಉಬ್ಬಿ ಮೇಲ್ಪದರ ಮುಚ್ಚಿಕೊಳ್ಳುತ್ತದೆ, ಆಮೇಲೆ ಬಿದ್ದ ನೀರು ಇಳಿಜಾರು ಹಿಡಿದು ಹಳ್ಳ ಸೇರುತ್ತದೆ, ಜೊತೆಗೆ ಮಣ್ಣನ್ನೂ ಒಯ್ಯುತ್ತದೆ. ಅದಕ್ಕೆ ಮುಂಗಾರಿನಲ್ಲಿ ಹೊಲ ಖಾಲಿ ಇರುವಾಗಲೇ ಚೌಕು ಮಡಿ ಕಟ್ಟಬೇಕು. ಹೊಲದ ತುಂಬ ಸಣ್ಣ ಸಣ್ಣ ಚೌಕಗಳು, ಸುತ್ತ ಗೇಣೆತ್ತರದ ಬದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದ ಮಳೆ ಆಯಾ ಚೌಕದಲ್ಲೇ ನಿಂತು ಇಂಗುತ್ತದೆ. ಹಿಂಗಾರಿಯಲ್ಲಿ ಮಡಿ ಹರಗಿ ಬಿತ್ತಿದರೆ ಮತ್ತೆ ಮಳೆ ಬಾರದಿದ್ದರೂ ಜೋಳ ಆ ತೇವದ ಮೇಲೆ ನಿಂತುಕೊಳ್ಳುತ್ತದೆ.

ಇದಕ್ಕೆ ಸಿಮೆಂಟು ಬೇಡ, ದೊಡ್ಡ ಯಂತ್ರ ಬೇಡ, ಬಿಲ್ಲೂ ದೊಡ್ಡದಾಗುವುದಿಲ್ಲ. ಪಂಚಾಯಿತಿಗಳ ಕ್ರಿಯಾ ಯೋಜನೆಗಳಲ್ಲಿ ಸಿಸಿ ರಸ್ತೆ ಮತ್ತು ಗಟಾರ ಎದ್ದು ಕಾಣುವಷ್ಟು ಚೌಕು ಮಡಿ, ಬದು, ನಾಲಾ ಕೆಲಸ ಎದ್ದು ಕಾಣದಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ರೈತರೇ ಇಂಜಿನಿಯರರು

ಸಿಂದಗಿಯಿಂದ ಪೂರ್ವಕ್ಕೆ ಹೋದರೆ ಕಲಬುರಗಿ ಜಿಲ್ಲೆ. ಅಲ್ಲಿನ ಕಮಲಾಪುರ ಭಾಗದಲ್ಲಿ 1980ರ ದಶಕದ ನಡುವಿನಲ್ಲಿ ಒಂದು ಜಲಾನಯನ ಯೋಜನೆ ಶುರುವಾಯಿತು. ರಾಜ್ಯ ಸರ್ಕಾರ, ಸ್ವಿಟ್ಜರ್ಲೆಂಡಿನ ಅಭಿವೃದ್ಧಿ ಸಂಸ್ಥೆ ಮತ್ತು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಮೈರಾಡ ಸೇರಿ ಕೈಗೆತ್ತಿಕೊಂಡ ಆ ಯೋಜನೆಯನ್ನು ಪಿಡೋ ಎಂದು ಕರೆಯುತ್ತಿದ್ದರು. ಜನರೊಡನೆ ಕೂತು ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಲ್ಲಿಟ್ಟು ಊರಿನ ನಕ್ಷೆ ಬರೆಯುವ ವಿಧಾನ ಇಂದು ಆಫ್ರಿಕಾದಿಂದ ಹಿಡಿದು ಲ್ಯಾಟಿನ್ ಅಮೆರಿಕದವರೆಗೆ ಹರಡಿದೆ. ಅದು ಭಾರತದಲ್ಲಿ ಬೇರುಬಿಟ್ಟದ್ದು 1980ರ ದಶಕದ ಕೊನೆಯಲ್ಲಿ. ಅದನ್ನು ಬೆಳೆಸಿದ ಸಂಸ್ಥೆಗಳಲ್ಲಿ ಮೈರಾಡ ಪ್ರಮುಖವಾದದ್ದು. ಬ್ರಿಟನ್ನಿನ ವಿದ್ವಾಂಸ ರಾಬರ್ಟ್ ಚೇಂಬರ್ಸ್ ತಮ್ಮ ಬರಹಗಳಲ್ಲಿ ಈ ಋಣವನ್ನು ಮತ್ತೆ ಮತ್ತೆ ನೆನೆದಿದ್ದಾರೆ.

ಕಮಲಾಪುರದ ಕಡೆ ಆದದ್ದೇನು? ಇಲಾಖೆಯ ಇಂಜಿನಿಯರರು ನೆಲದ ಸಮಮಟ್ಟದ ಗೆರೆ ಹಿಡಿದು ಬದು ಹಾಕಬೇಕೆಂದರು. ಪುಸ್ತಕದ ಪ್ರಕಾರ ಅದು ಸರಿ. ಆದರೆ ಸಮಮಟ್ಟದ ಗೆರೆ ಹೊಲದ ಸೀಮೆಯನ್ನು ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಒಬ್ಬನ ಹೊಲವನ್ನು ಓರೆಯಾಗಿ ಸೀಳಿಕೊಂಡು ಮತ್ತೊಬ್ಬನ ಹೊಲಕ್ಕೆ ಹೋಗುತ್ತದೆ. ಕುಂಟಿ ತಿರುಗಿಸಲು ಜಾಗ ಉಳಿಯುವುದಿಲ್ಲ, ಅಣ್ಣ ತಮ್ಮಂದಿರ ನಡುವೆ ಸೀಮೆಯ ತಕರಾರು ಏಳುತ್ತದೆ. ರೈತರು ತಮ್ಮ ಹೊಲದ ಅಂಚಿನಲ್ಲೇ ಕಲ್ಲಿನ ಒಡ್ಡು ಕಟ್ಟಿ, ನೀರು ಹೋಗುವಲ್ಲಿ ಬಾಯಿ ಬಿಟ್ಟು, ಕೊಚ್ಚಿಕೊಂಡು ಬರುವ ಮಣ್ಣನ್ನು ಕೊರಕಲಿನಲ್ಲಿ ತಡೆದು ಹೊಸ ಹೊಲವನ್ನೇ ಮಾಡಿಕೊಳ್ಳುತ್ತಿದ್ದರು. ಅದೂ ಒಂದೇ ವರ್ಷದಲ್ಲಲ್ಲ. ಮಣ್ಣು ಕೂತಷ್ಟು ಒಡ್ಡಿನ ಎತ್ತರ ಏರಿಸುತ್ತ, ಕೈಯಲ್ಲಿ ದುಡ್ಡಿದ್ದಷ್ಟು, ಮನೆಯ ಆಳಿದ್ದಷ್ಟು. ಯೋಜನೆಯವರು ಕೊನೆಗೆ ಈ ಪದ್ಧತಿಯನ್ನೇ ಕೂತು ದಾಖಲಿಸಿಕೊಂಡರು. 1994ರಲ್ಲಿ ಹೊರಬಂದ ಆ ಅಧ್ಯಯನಕ್ಕೆ ‘ರೈತರೇ ಇಂಜಿನಿಯರರು’ ಎಂಬರ್ಥದ ಹೆಸರಿಟ್ಟರು.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ರೈತರ ಜಾಣತನವೊಂದೇ ಅಲ್ಲ. ಇಂಜಿನಿಯರರ ಲೆಕ್ಕವೂ ತಪ್ಪಾಗಿರಲಿಲ್ಲ, ನೀರು ಹೇಗೆ ಹರಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನೀರಿನ ಜೊತೆಗೆ ಸೀಮೆ, ದಾಯಾದಿ, ಎತ್ತು, ಸಾಲ ಇವೂ ಹರಿಯುತ್ತವೆ ಎಂಬುದು ಊರವರಿಗೆ ಗೊತ್ತಿತ್ತು. ಎರಡೂ ಒಂದೇ ಹಾಳೆಯ ಮೇಲೆ ಬಂದಾಗ ಮಾತ್ರ ಒಡ್ಡು ಹತ್ತು ವರ್ಷ ಉಳಿಯುತ್ತದೆ. ಸುಸ್ಥಿರತೆ ಎಂದರೆ ಇದೇ, ಬೇರೆಯಲ್ಲ.

ಇದೇ ಮಾತು ಕಾಲುವೆಗೂ ಸಲ್ಲುತ್ತದೆ. ಕೃಷ್ಣೆಯ ನೀರು ಈಗ ಈ ಜಿಲ್ಲೆಗೆ ಬಂದಿದೆ. ಆಲಮಟ್ಟಿಯಿಂದ ಎತ್ತಿದ ನೀರು ಕೆರೆಗಳನ್ನು ತುಂಬುತ್ತಿದೆ, ನಾರಾಯಣಪುರದ ಎಡದಂಡೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿಯ ಕಡೆ ಸಾಗುತ್ತದೆ. ಕೆರೆ ತುಂಬಿಸಿದ್ದು ದೊಡ್ಡ ಕೆಲಸ. ಬತ್ತಿದ ಬಾವಿಗಳಲ್ಲಿ ನೀರು ಕಂಡ ಊರುಗಳ ಸಂತೋಷವನ್ನು ಯಾರೂ ಸಣ್ಣದೆನ್ನಲಾರರು. ಆದರೆ ನೀರು ಬಂದಮೇಲೆ ಯಾರು ಎಷ್ಟು ಬಳಸಬೇಕು, ಕಾಲುವೆಯ ತಲೆಭಾಗದವರು ಕಬ್ಬು ಹಾಕಿದರೆ ಕೊನೆಯಂಚಿನವರ ಗತಿ ಏನು ಎಂಬುದನ್ನು ಯಾವ ಪೈಪೂ ತೀರ್ಮಾನಿಸುವುದಿಲ್ಲ. ಅದಕ್ಕೆ ಜನ ಕೂರಬೇಕು. ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಕೊಟ್ಟು ಎರಡು ದಶಕ ಮೀರಿತು. ಕೊನೆಯಂಚಿನ ರೈತರು ಮಾತ್ರ ಇನ್ನೂ ಕಾಲುವೆಗೆ ನೀರು ಬಿಡಿ ಎಂದು ರಸ್ತೆಗೆ ಇಳಿಯುತ್ತಲೇ ಇದ್ದಾರೆ.

ಸೋತ ಪ್ರಯೋಗದ ಪಾಠ

ಪಾಲ್ಗೊಳ್ಳುವಿಕೆಯನ್ನು ಹೊಗಳುವ ಬರಹಗಳು ಸಾಕಷ್ಟಿವೆ. ಕೇರಳದಲ್ಲಿ 1996ರಲ್ಲಿ ಶುರುವಾದ ಜನಯೋಜನೆ, ಬ್ರೆಜಿಲ್‌ನ ಪೋರ್ತೊ ಅಲೆಗ್ರೆ ನಗರ 1989ರಿಂದ ಜನರ ಕೈಗಿತ್ತ ಬಜೆಟ್ಟು, ಊರಿನ ಸೊತ್ತನ್ನು ಊರವರೇ ಕಾಯಬಲ್ಲರೆಂದು ತೋರಿಸಿ 2009ರಲ್ಲಿ ನೊಬೆಲ್ ಪಡೆದ ಎಲಿನರ್ ಆಸ್ಟ್ರಂ, ಇವೆಲ್ಲ ಆ ಬರಹಗಳಲ್ಲಿ ಬರುತ್ತವೆ. ನಾನು ಇಲ್ಲಿ ಎತ್ತಿಕೊಳ್ಳಬೇಕೆಂದಿರುವುದು ಒಂದು ಸೋಲನ್ನು.

ಕೃಪಾ ಅನಂತಪುರ, ಕಬೀರ್ ಮಲಿಕ್ ಮತ್ತು ವಿಜಯೇಂದ್ರ ರಾವ್ ಎಂಬ ಮೂವರು ಸಂಶೋಧಕರು 2014ರಲ್ಲಿ ವಿಶ್ವಬ್ಯಾಂಕಿನ ಮೂಲಕ ಒಂದು ಅಧ್ಯಯನ ಪ್ರಕಟಿಸಿದರು. ಕರ್ನಾಟಕದ ಕೆಲವು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಸಂಚಾಲಕರು ಎರಡು ವರ್ಷ ಜನರೊಡನೆ ಕೆಲಸ ಮಾಡಿದ್ದರು. ಗ್ರಾಮಸಭೆ ಎಂದರೇನು, ಹಕ್ಕುಗಳು ಯಾವುವು, ಯೋಜನೆ ಬರೆಯುವುದು ಹೇಗೆ ಎಂದು ತಿಳಿಸಿಕೊಟ್ಟಿದ್ದರು. ಇಂಥ ಯಾವ ಕಾರ್ಯಕ್ರಮವೂ ನಡೆಯದ ಬೇರೆ ಪಂಚಾಯಿತಿಗಳ ಜೊತೆ ಅವನ್ನು ಹೋಲಿಸಿ ನೋಡಲಾಯಿತು. ಅಂಕಿಅಂಶಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಕಾಲಕ್ರಮದಲ್ಲಿ ಸುಧಾರಣೆ ಆಗಿತ್ತು, ಅಷ್ಟೆ. ಆದರೆ ಅವರು ಅಲ್ಲಿಗೆ ನಿಲ್ಲಿಸದೆ ಹತ್ತರಲ್ಲಿ ಒಂದು ಪಾಲು ಹಳ್ಳಿಗಳನ್ನು ನಾಲ್ಕು ವರ್ಷ, ತಿಂಗಳು ತಿಂಗಳೂ ನೋಡುತ್ತ ಹೋದರು. ಆಗ ಕಾರಣಗಳು ಹೊರಬಂದವು. ಸಂಚಾಲಕರ ಗುಣಮಟ್ಟ ಊರಿಂದೂರಿಗೆ ಬೇರೆ. ಮೇಲಿನ ಅಧಿಕಾರಿಗಳ ಬೆಂಬಲ ಇಲ್ಲ. ಬೇರುಬಿಟ್ಟ ಅಸಮಾನತೆಯನ್ನು ಎದುರು ಹಾಕಿಕೊಳ್ಳುವ ಶಕ್ತಿ ಆ ಕಾರ್ಯಕ್ರಮಕ್ಕೆ ಇರಲಿಲ್ಲ.

ಈ ಅಧ್ಯಯನಕ್ಕೆ ‘ಸೋಲಿನ ಅಂಗರಚನೆ’ ಎಂಬಂಥ ಹೆಸರನ್ನು ಬರೆದವರೇ ಇಟ್ಟರು. ಸೋಲನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿಡುವುದು ಅಪರೂಪ, ಅದಕ್ಕಾಗಿ ಅವರಿಗೆ ನಾವು ಕೃತಜ್ಞರಾಗಿರಬೇಕು. ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಇದೇ ಸೋಲು ವರ್ಷವರ್ಷವೂ ಆಗುತ್ತದೆ. ಹೊರಗಿನಿಂದ ಒಬ್ಬರು ಬರುತ್ತಾರೆ, ತರಬೇತಿ ಕೊಡುತ್ತಾರೆ, ಫೋಟೊ ತೆಗೆಯುತ್ತಾರೆ, ಯೋಜನೆಯ ಅವಧಿ ಮುಗಿಯುತ್ತದೆ, ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ಯಾರು?

ಕೆಲಸದ ಜಾಗದ ನಾಯಕಿ

ಉಳಿಯುವವರೊಬ್ಬರು ಇದ್ದಾರೆ. ಉದ್ಯೋಗ ಖಾತ್ರಿಯಲ್ಲಿ ಕೂಲಿಕಾರರ ಗುಂಪಿಗೆ ಒಬ್ಬ ಮೇಟ್ ಇರುತ್ತಾರೆ. ಕರ್ನಾಟಕದಲ್ಲಿ ಅವರನ್ನು ಕಾಯಕ ಬಂಧು ಎನ್ನುತ್ತಾರೆ. ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ನಮೂನೆ 6ರಲ್ಲಿ ಕೆಲಸದ ಬೇಡಿಕೆ ಬರೆಸುವುದು, ಗುಂಪನ್ನು ಬೆಳಗ್ಗೆ ಕೂಡಿಸುವುದು, ಅಳತೆ ಹಾಕಿದ ಗುಂಡಿಯನ್ನು ಇವರಿಗಿಷ್ಟು ಅವರಿಗಿಷ್ಟು ಎಂದು ಹಂಚುವುದು, ಮೊಬೈಲಿನಲ್ಲಿ ದಿನಕ್ಕೆ ಎರಡು ಸಲ ಹಾಜರಿ ಹಾಕುವುದು, ಕುಡಿಯುವ ನೀರು, ನೆರಳು ನೋಡಿಕೊಳ್ಳುವುದು ಅವರ ಕೆಲಸ. 2023ರ ಜನವರಿಯಿಂದ ಆ ಮೊಬೈಲ್ ಹಾಜರಿ ಕಡ್ಡಾಯವಾದಮೇಲೆ ನೆಟ್‌ವರ್ಕ್ ಸಿಗದಿದ್ದರೆ ಇಡೀ ಗುಂಪಿನ ಕೂಲಿ ಅವರ ತಲೆಯ ಮೇಲೆ. 2025ರ ಏಪ್ರಿಲ್‌ನಲ್ಲಿ ದಿನಗೂಲಿ 370 ರೂಪಾಯಿಗೆ ಏರಿತು. ಅದು ಖಾತೆಗೆ ಬರುವುದು ತಡವಾದರೆ ಮನೆಯ ಬಾಗಿಲಿಗೆ ಜನ ಬರುವುದೂ ಅವರ ಹತ್ತಿರವೇ: “ಯಕ್ಕಾ, ಪಗಾರ ಯಾವಾಗ ಬರ್ತೈತಿ?”

ಆಡಳಿತ ಶಾಸ್ತ್ರದ ತರಗತಿಗಳಲ್ಲಿ ಕೆಲಸದ ಜಾಗದ ನಾಯಕತ್ವ ಎಂದು ಯಾವುದನ್ನು ಪಾಠ ಮಾಡುತ್ತಾರೋ ಅದೆಲ್ಲ ಇಂಥ ಕಾಯಕ ಬಂಧು ಹೆಣ್ಣುಮಗಳೊಬ್ಬಳ ದಿನಚರಿಯಲ್ಲಿದೆ. ಯಾರಿಗೆ ಬೆನ್ನುನೋವು, ಯಾರ ಕೂಸಿಗೆ ಹಾಲುಣಿಸಬೇಕು, ಯಾವ ಗಂಡ ಹೆಂಡತಿಯನ್ನು ಒಂದೇ ಗುಂಡಿಗೆ ಹಾಕಬಾರದು, ಯಾವ ಓಣಿಯವರು ಯಾವ ಓಣಿಯವರ ಜೊತೆ ಬುಟ್ಟಿ ಹಿಡಿಯಲು ಹಿಂಜರಿಯುತ್ತಾರೆ, ಅದನ್ನು ಹೇಗೆ ಮೆಲ್ಲಗೆ ಮುರಿಯಬೇಕು ಎಂಬುದೆಲ್ಲ ಆಕೆಗೆ ಗೊತ್ತು. ಇನ್ನೂ ಒಂದು ಗೊತ್ತು, ಅದೇ ನಮಗೆ ಅತಿ ಮುಖ್ಯ. ವರ್ಷಗಟ್ಟಲೆ ಹಳ್ಳ, ನಾಲಾ, ಕೆರೆಯಂಗಳ, ಕೃಷಿ ಹೊಂಡ, ಬದುಗಳಲ್ಲಿ ಓಡಾಡಿದ ಆಕೆಗೆ ಊರಿನ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಡೆದುಕೊಂಡು ಹೋಗುತ್ತದೆ, ಹೋದ ವರ್ಷ ತೋಡಿದ ಯಾವ ಗುಂಡಿ ಹೂಳು ತುಂಬಿತು, ಯಾವುದರ ಪಕ್ಕದ ಬಾವಿಗೆ ನೀರು ಬಂತು ಎಂಬುದು ಬೆರಳ ತುದಿಯಲ್ಲಿದೆ.

ಈ ತಿಳಿವಳಿಕೆ ಯೋಜನೆಯ ಹಾಳೆಗೆ ಬಂದರೆ ಏನಾಗುತ್ತದೆ ಎಂಬುದಕ್ಕೂ ಸಂಶೋಧನೆ ಇದೆ. ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದ ಪಂಚಾಯಿತಿಗಳು ಹೆಣ್ಣುಮಕ್ಕಳು ಕೇಳುವ ಕೆಲಸಗಳಿಗೆ, ಮೊದಲಾಗಿ ಕುಡಿಯುವ ನೀರಿಗೆ, ಹೆಚ್ಚು ಹಣ ಹಾಕುತ್ತವೆ. ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಬೆಸ್ಲಿ, ಪಾಂಡೆ, ರಾವ್ ಎಂಬ ಸಂಶೋಧಕರು 2005ರಲ್ಲಿ ಕಂಡದ್ದು ಇನ್ನೊಂದು: ಗ್ರಾಮಸಭೆ ನಿಜವಾಗಿ ನಡೆಯುವ ಊರುಗಳಲ್ಲಿ ಬಡವರ ಪಡಿತರ ಕಾರ್ಡು ಬಡವರ ಕೈ ಸೇರುವುದು ಹೆಚ್ಚು. ಪರೋಮಿತಾ ಸನ್ಯಾಲ್ ಮತ್ತು ವಿಜಯೇಂದ್ರ ರಾವ್ ಸುಮಾರು 300 ಗ್ರಾಮಸಭೆಗಳ ಮಾತುಕತೆಯನ್ನು ಅಕ್ಷರಕ್ಕಿಳಿಸಿ ಓದಿ ಪುಸ್ತಕ ಬರೆದಿದ್ದಾರೆ. ಓದು ಬಾರದವರೂ ಅಲ್ಲಿ ಎದ್ದು ನಿಂತು ಸರ್ಕಾರವನ್ನು ಪ್ರಶ್ನಿಸುತ್ತಾರೆ, ಆ ಮಾತಾಡುವ ಕ್ರಿಯೆಯೇ ಅವರಿಗೆ ಘನತೆ ತಂದುಕೊಡುತ್ತದೆ ಎಂಬುದು ಅವರಿಗೆ ಕಂಡ ಸತ್ಯ.

ಕರ್ನಾಟಕಕ್ಕೆ ಇದು ಹೊಸದಾಗಬಾರದು. ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಕಾಲು ಭಾಗ ಸ್ಥಾನವಿಟ್ಟು 1987ರಲ್ಲೇ ಚುನಾವಣೆ ನಡೆಸಿದ ರಾಜ್ಯ ನಮ್ಮದು, ಸಂವಿಧಾನದ 73ನೇ ತಿದ್ದುಪಡಿಗಿಂತ ಮೊದಲೇ. ಅದರ ಹಿಂದಿದ್ದ ಆಗಿನ ಸಚಿವ ಅಬ್ದುಲ್ ನಜೀರ್ ಸಾಬರು ಹಳ್ಳಿಗಳಿಗೆ ಕೊಳವೆಬಾವಿ ಕೊಟ್ಟು ನೀರ್ ಸಾಬ್ ಎನಿಸಿಕೊಂಡವರು. ನೀರು ಮತ್ತು ಅಧಿಕಾರ ಎರಡನ್ನೂ ಒಟ್ಟಿಗೇ ಊರಿಗೆ ತಲುಪಿಸಬೇಕೆಂದು ಅವರಿಗೆ ಅನ್ನಿಸಿದ್ದು ಆಕಸ್ಮಿಕವಲ್ಲ. ಈಗ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳದು. ಕುರ್ಚಿ ಸಿಕ್ಕಿದೆ. ಪೆನ್ನು ಇನ್ನೂ ಸಿಗಬೇಕಾಗಿದೆ.

ಎಳ್ಳ ಅಮಾವಾಸ್ಯೆಯ ವಾರ

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು ಸಭೆಯ ಕಾಲ. ಯೋಜನೆಯ ಅಭಿಯಾನ ಅಕ್ಟೋಬರಿನಲ್ಲೇ ಶುರುವಾದರೂ ವರ್ಷದ ಕೊನೆಯವರೆಗೂ ಮುಂದುವರಿಯುತ್ತದೆ. ಆ ಅವಕಾಶದಲ್ಲೇ ಎರಿ ಸೀಮೆಯ ಪಂಚಾಯಿತಿಗಳು ವಾರ್ಡ್ ಸಭೆಯನ್ನು ಎಳ್ಳ ಅಮಾವಾಸ್ಯೆಯ ವಾರದಲ್ಲಿ ಇಟ್ಟುಕೊಳ್ಳಬಹುದು. ದುಡಿಯಲು ಹೋದವರೂ ಆ ಹಬ್ಬಕ್ಕೆ ಊರಿಗೆ ಬರಲು ನೋಡುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ, ಹೋಳಿಗೆ ಕಟ್ಟಿಕೊಂಡು ಇಡೀ ಊರೇ ಹೊಲದಲ್ಲಿರುತ್ತದೆ, ಚರಗ ಚೆಲ್ಲುತ್ತದೆ. ಆಗ ಯಾವ ಒಡ್ಡು ಒಡೆದಿದೆ, ಯಾವ ಹೊಲದ ದಾರಿ ಮುಚ್ಚಿದೆ ಎಂದು ಕಣ್ಣಿಗೇ ಕಾಣುತ್ತದೆ. ಅಮಾವಾಸ್ಯೆ ಡಿಸೆಂಬರ್ ದಾಟಿ ಬರುವ ವರ್ಷ ತಾಲ್ಲೂಕು ಆಡಳಿತ ಕೆಲವು ದಿನ ಸಡಿಲಿಸಿದರೆ ಯಾವ ನಷ್ಟವೂ ಇಲ್ಲ.

ಎರಡನೆಯದು ಹಾಳೆ. ವಾರ್ಡ್ ಸಭೆಗೆ ಮುಂಚೆ ಪ್ರತಿ ಗುಂಪಿನ ಕಾಯಕ ಬಂಧು ತನ್ನ ಕೂಲಿಕಾರರ ಜೊತೆ ಕೆಲಸದ ಜಾಗದಲ್ಲೇ ಒಂದು ಗಂಟೆ ಕೂತು ನೀರಿನ ಕೆಲಸಗಳ ಪಟ್ಟಿ ಮಾಡಲಿ. ಆ ಒಂದು ಗಂಟೆಗೆ ಕೂಲಿ ಕಡಿಯಬಾರದು. ಬಾವಿ ಬತ್ತುವ ತಿಂಗಳು, ಹಳ್ಳ ಒಡೆಯುವ ಜಾಗ, ಹೂಳು ತುಂಬಿದ ಹೊಂಡ ಎಲ್ಲ ಅದರಲ್ಲಿ ಬರಲಿ. ಪಿಡಿಒ ಮತ್ತು ತಾಂತ್ರಿಕ ಸಹಾಯಕರು ಆ ಪಟ್ಟಿಯನ್ನು ಸಭೆಯಲ್ಲಿ ಎದ್ದು ಓದಲಿ; ಯಾವುದನ್ನು ಕೈಬಿಟ್ಟರೂ ಕಾರಣವನ್ನು ನಡಾವಳಿಯಲ್ಲಿ ಬರೆಯಲಿ. ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಪಾಲು ಇಲ್ಲವೇ ನೂರು ಜನ ಸೇರಿದರೆ ಕೋರಂ ಆಗುತ್ತದೆ. ಒಂದೇ ಕೆರೆ ಕೆಲಸದ ಗುಂಪುಗಳು ಎದ್ದು ಬಂದರೆ ಆ ನೂರು ಜನ ಅಲ್ಲೇ ಇರುತ್ತಾರೆ. ರಾಯಚೂರು, ವಿಜಯಪುರ, ಕಲಬುರಗಿ ಭಾಗದಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ ‘ಗ್ರಾಕೂಸ್’ ಕೂಲಿಕಾರರನ್ನು ಒಗ್ಗೂಡಿಸಿ ಕೆಲಸ ಕೇಳುವುದನ್ನು, ಬಾಕಿ ಕೂಲಿ ಕೇಳುವುದನ್ನು ಕಲಿಸಿದೆ. ಕೆಲಸ ಕೇಳಲು ಕಲಿತವರಿಗೆ ಯಾವ ಕೆಲಸ ಎಂದು ಹೇಳುವುದು ಇನ್ನೊಂದೇ ಹೆಜ್ಜೆ.

ಈ ಹೆಜ್ಜೆಗೆ ಈಗ ಅವಸರವೂ ಇದೆ. 2025ರ ಡಿಸೆಂಬರಿನಲ್ಲಿ ಸಂಸತ್ತು 2005ರ ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ತಂದಿದೆ. ದಿನಗಳು 100ರಿಂದ 125ಕ್ಕೆ ಏರಿದವು, ಜೊತೆಗೆ ವೆಚ್ಚದಲ್ಲಿ ಹೆಚ್ಚಿನ ರಾಜ್ಯಗಳ ಪಾಲು ಶೇ 40ಕ್ಕೆ ಏರಿತು. ಬೇಸಾಯದ ಭರದ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸುವ ಅವಕಾಶವೂ ಅದರಲ್ಲಿದೆ. ಪರ ವಿರೋಧದ ವಾದಗಳು ನಡೆಯುತ್ತಲೇ ಇವೆ. ಆದರೆ ಹಣ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಯೋಜನೆಯ ಹಾಳೆಯಲ್ಲಿ ಗಟ್ಟಿಯಾಗಿ ಕೂರದ ಕೆಲಸಗಳಿಗೆ. ಚೌಕು ಮಡಿ, ಬದು, ಹೂಳೆತ್ತುವ ಕೆಲಸ ಆ ಹಾಳೆಯ ಮೊದಲ ಸಾಲಿಗೆ ಬರಬೇಕಾದರೆ ಅದನ್ನು ಬರೆಸುವವರು ಸಭೆಯಲ್ಲಿ ಇರಲೇಬೇಕು.

ನಿಮ್ಮ ವಾರ್ಡಿನ ಸಭೆ ಯಾವ ದಿನ, ಯಾವ ಹೊತ್ತಿಗೆ, ಎಲ್ಲಿ ಎಂದು ಇಂದೇ ಪಂಚಾಯಿತಿಯಲ್ಲಿ ಕೇಳಿ. ಹಗಲು ಇಟ್ಟಿದ್ದರೆ ಕೂಲಿ ಬಿಟ್ಟಮೇಲೆ ಇಡಿ ಎಂದು ಬರವಣಿಗೆಯಲ್ಲಿ ಕೊಡಿ. ಹೋದ ವರ್ಷದ ಕ್ರಿಯಾ ಯೋಜನೆಯಲ್ಲಿ ಎಷ್ಟು ಕೆಲಸ ಮುಗಿಯಿತು ಎಂಬುದನ್ನು ಮೊದಲು ಓದಿಸಿ. ನಿಮ್ಮ ಓಣಿಯ ಕಾಯಕ ಬಂಧುವನ್ನು ಜೊತೆಗೆ ಕರೆದುಕೊಂಡು ಹೋಗಿ. ಆಕೆ ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರುವತನಕ ಸಹಿ ಹಾಕಬೇಡಿ.